ಬೆಕ್ಕಿನ ಅಳತೆಗೆ ಕತ್ತರಿಸಿದ ಬಾಗಿಲು

ಟೈಲರ್ ಮಾಸ್ಟರಿಗೆ ಈ ಲೋಕದ ಮೇಲೆ ಒಂದೇ ಒಂದು ಅಸಮಾಧಾನವಿತ್ತು. ತಮ್ಮ ಕತ್ತರಿಯ ಯೋಗ್ಯತೆಗೆ ತಕ್ಕ ಕೆಲಸವನ್ನು ಅದು ಕೊಡುತ್ತಿಲ್ಲ ಎಂಬುದು. ಪ್ಯಾಂಟಿನ ಕಾಲು ಗಿಡ್ಡ ಮಾಡಿ, ಅಂಗಿಯ ಹೊಟ್ಟೆ ಸಡಿಲ ಮಾಡಿ, ಕಿತ್ತುಹೋದ ಜೇಬು ಕೂರಿಸಿ ಎಂದು ಬರುವವರೇ ಬೀದಿ ತುಂಬ. (ಹೊಟ್ಟೆ ಕರಗಿದೆ, ಅಂಗಿ ಬಿಗಿ ಮಾಡಿ ಎಂದು ಬಂದವರನ್ನು ಅವರು ಇದುವರೆಗೆ ಕಂಡಿಲ್ಲ.) ಹೊಸ ಕೋಟು ಹೊಲಿಸುವವರೆಂದರೆ ಬೀದಿಯ ತುದಿಮನೆಯ ವಕೀಲರೊಬ್ಬರೇ. ಮನುಷ್ಯ ಮೆಟ್ಟಿಲು ಹತ್ತುತ್ತಿರುವಾಗಲೇ ಅವನ ಬಲಭುಜ ಎಡಭುಜಕ್ಕಿಂತ ಎಷ್ಟು ಇಳಿದಿದೆ ಎಂದು ಹೇಳಬಲ್ಲ ತಮ್ಮಂಥ ಕಲಾವಿದನ ಬಾಳು ಹೀಗೆ ಕಾಜಾ ಗುಂಡಿಗಳಲ್ಲೇ ಸವೆಯಬೇಕೆ ಎಂದು ಮಾಸ್ಟರು ಆಗಾಗ ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಟ್ಟುಸಿರು ಬಿಡುವುದುಂಟು.

ಮನೆಯೂ ಅಂಗಡಿಯೂ ಒಂದೇ. ಮುಂದಿನ ಕೋಣೆ ಅಂಗಡಿ, ಹಿಂದಿನದು ಅಡಿಗೆಮನೆ, ನಡುವೆ ಒಂದು ಗಿಡ್ಡ ಕದ. ಮೊದಲೆಲ್ಲ ಅದು ಹಗಲಿಡೀ ತೆರೆದೇ ಇರುತ್ತಿತ್ತು. ಇವರು ಮಿಷನ್ ತುಳಿಯುತ್ತ ಒಂದು ಮಾತು ಎಸೆದರೆ, ಹೆಂಡತಿ ಒಗ್ಗರಣೆ ಹಾಕುತ್ತ ಎರಡು ಮಾತು ವಾಪಸು ಎಸೆಯುತ್ತಿದ್ದರು. ಆಮೇಲೊಂದು ದಿನ ವಕೀಲರು ಬಂದು, ಹೊಸ ಕೋಟು ತೊಟ್ಟು ವಾದಕ್ಕೆ ನಿಂತರೆ ನ್ಯಾಯಾಧೀಶರು ಮೂಗು ಮೇಲೆತ್ತಿ, "ಇಲ್ಲಿ ಯಾರೋ ಈರುಳ್ಳಿ ಹುರೀತಿದಾರೆ" ಎಂದರೆಂದು ದೂರಿದರು. ಅಂದಿನಿಂದ ಕದ ಮುಚ್ಚಿತು. ಕಲೆಗೆ ಈರುಳ್ಳಿಯ ವಾಸನೆ ತಗಲಬಾರದು ಎಂದು ಮಾಸ್ಟರರ ಅಪ್ಪಣೆಯಾಯಿತು.

ಈ ಅಪ್ಪಣೆಯನ್ನು ಒಪ್ಪದೇ ಇದ್ದವಳು ಗುಂಡಿ. ಮೈಯೆಲ್ಲ ಕಪ್ಪು, ಎದೆಯ ನಟ್ಟನಡುವೆ ಗುಂಡಿಯ ಗಾತ್ರದ ಒಂದೇ ಬಿಳಿ ಚುಕ್ಕೆ. ಟೈಲರ್ ಮನೆಯ ಬೆಕ್ಕಿಗೆ ಬೇರೆ ಹೆಸರು ಹುಡುಕುವ ಅಗತ್ಯ ಬೀಳಲಿಲ್ಲ. ಅವಳಿಗೆ ಹಾಲು ಅಡಿಗೆಮನೆಯಲ್ಲಿ, ನಿದ್ದೆ ಅಂಗಡಿಯ ತುಂಡುಬಟ್ಟೆಯ ಬುಟ್ಟಿಯಲ್ಲಿ. ಅಲ್ಲಿದ್ದರೆ ಇಲ್ಲಿಗೆ ಬರಬೇಕು, ಇಲ್ಲಿದ್ದರೆ ಅಲ್ಲಿಗೆ ಹೋಗಬೇಕು. ಕದದ ಮುಂದೆ ಕುಳಿತು ಅವಳು ಎತ್ತುವ ರಾಗ ಕೇಳಿದರೆ, ಈ ಮನೆಯಲ್ಲಿ ಬೆಕ್ಕನ್ನು ಉಪವಾಸ ಕೆಡವಿದ್ದಾರೆ ಎಂದು ದಾರಿಹೋಕರು ನಂಬಬೇಕು.

"ರೀ, ಸ್ವಲ್ಪ ಬಾಗಿಲು ತೆಗೀರಿ," ಒಳಗಿನಿಂದ ದನಿ.

"ಕೈಯಲ್ಲಿ ಕತ್ತರಿ ಇದೆ ಕಣೇ. ಅರ್ಧ ಕತ್ತರಿಸಿ ಎದ್ದರೆ ಗೆರೆ ಹಾಳಾಗತ್ತೆ."

"ನನ್ನ ಮೊಣಕಾಲು ಹಾಳಾದ್ರೆ ಪರವಾಗಿಲ್ವಾ?"

ಆಕೆಯ ಮೊಣಕಾಲಿನ ಸಂಗತಿ ಹೀಗೆ: ನಿಂತರೆ ನಿಂತೇ ಇರಬಲ್ಲರು, ಕೂತರೆ ಕೂತೇ ಇರಬಲ್ಲರು. ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಒಂದು ಪ್ರಯಾಣ. ಬೆಕ್ಕಿನ ದಯೆಯಿಂದ ಆ ಪ್ರಯಾಣ ಹಗಲಿಡೀ ನಡೆಯುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಆಕೆ ಮಂಚದ ಮೇಲೆ ಒಂದು ಚೀಲ ಇಟ್ಟು ಅದರಲ್ಲಿ ಎರಡು ಸೀರೆ ಮಡಿಸಿ ಹಾಕಿದರು.

"ಇದೇನು?"

"ಭಾನುವಾರದ ಹೊತ್ತಿಗೆ ಈ ಬಾಗಿಲಿಗೆ ಒಂದು ದಾರಿ ಮಾಡಿ. ಇಲ್ಲಾಂದ್ರೆ ನಾನೂ ಗುಂಡಿನೂ ಅಕ್ಕನ ಮನೆಗೆ ಹೋಗ್ತೀವಿ."

"ಎಷ್ಟು ದಿನಕ್ಕೆ?"

"ನನ್ನ ಕಾಲು ಎಷ್ಟು ದಿನ ಅನ್ನತ್ತೋ ಅಷ್ಟು ದಿನಕ್ಕೆ."

ಬೆಕ್ಕಿಲ್ಲದೆ ತಾವು ಹೇಗೆ ಇರುವುದು ಎಂದು ಮಾಸ್ಟರು ತುಂಬ ಹೊತ್ತು ಚಿಂತಿಸಿದರು. (ಚಿಂತಿಸುವಾಗ ಅವರ ಕಣ್ಣು ಬೆಕ್ಕಿನ ಕಡೆ ಇರಲಿಲ್ಲ, ಚೀಲದ ಕಡೆ ಇತ್ತು.) ಚಿಂತೆಯ ಕೊನೆಗೆ ತಲೆಯಲ್ಲಿ ಬೆಳಕು ಬಿತ್ತು.

"ಕದದ ಬುಡದಲ್ಲಿ ಒಂದು ಕಂಡಿ ಕೊರೆದು ಮುಚ್ಚಳ ಕಟ್ಟಿಬಿಟ್ಟರೆ? ಅವಳೇ ತಲೆಯಲ್ಲಿ ನೂಕಿಕೊಂಡು ಓಡಾಡ್ತಾಳೆ. ಈರುಳ್ಳಿನೂ ಬರಲ್ಲ, ನೀನೂ ಏಳಬೇಕಾಗಿಲ್ಲ!"

"ಒಳ್ಳೇದು. ಮೂಲೆಯ ಬಡಗಿಗೆ ಹೇಳಿ, ಮಾಡಿಕೊಡ್ತಾರೆ."

"ಬಡಗಿಗಾ?" ಮಾಸ್ಟರು ನೊಂದುಕೊಂಡರು. "ಅವನಿಗೆ ನೆಟ್ಟಗಿನ ಗೆರೆ ಗೊತ್ತು. ಮೈಗೆ ಒಪ್ಪೋ ಗೆರೆ ಗೊತ್ತಾ? ಇದು ಒಂದು ಜೀವದ ಅಳತೆಗೆ ಕೂರಬೇಕಾದ ಕೆಲಸ ಕಣೇ. ಬಡಗಿಯ ಗರಗಸ ಸಾಕು, ಬಡಗಿ ಬೇಡ."

ಅಂತೂ ಗರಗಸ ಬಂತು. ಗುಂಡಿಯನ್ನು ಮೇಜಿನ ಮೇಲೆ ನಿಲ್ಲಿಸಿ ಮಾಸ್ಟರು ಕೊರಳಿನ ಟೇಪು ಇಳಿಸಿದರು. ಎದೆಯ ಸುತ್ತು, ಸೊಂಟದ ಸುತ್ತು, ಭುಜದಿಂದ ನೆಲಕ್ಕೆ ಎಷ್ಟು, ಎಲ್ಲವೂ ಆಯಿತು. ಗುಂಡಿ ತನ್ನನ್ನು ಸುತ್ತಿದ ಟೇಪನ್ನು ಕಚ್ಚಿ, ಎಳೆದು, ಕೊನೆಗೆ ಅದರ ಮೇಲೆ ಕುಳಿತುಬಿಟ್ಟಳು.

"ಬಾಲ ಯಾಕ್ರೀ ಅಳೀತೀರಿ? ಬಾಲ ಹಿಂದಿನಿಂದ ತಾನೇ ಬರತ್ತಲ್ಲ."

"ಇವಳು ಬಾಲ ಎತ್ತಿಕೊಂಡು ನಡೆಯೋಳು. ಎತ್ತರದ ಲೆಕ್ಕಕ್ಕೆ ಬಾಲನೂ ಸೇರತ್ತೆ."

"ನಾಳೆ ದಪ್ಪ ಆದ್ರೆ?"

"ಅದಕ್ಕೆ ಅಂತಲೇ ಸುತ್ತ ಒಂದು ಬೆರಳು ಬಿಟ್ಟಿದೀನಿ."

"ಬಟ್ಟೆಯಾದ್ರೆ ಒಳಗೆ ಮಡಿಸಿ ಬಿಡಬಹುದು. ಮರ ಎಲ್ಲಿ ಮಡಿಸ್ತೀರಿ?"

ಮಾಸ್ಟರು ಸೀಮೆಸುಣ್ಣ ಚೂಪು ಮಾಡತೊಡಗಿದರು. ಕಲಾವಿದರು ಎಲ್ಲದಕ್ಕೂ ಉತ್ತರಿಸುವುದಿಲ್ಲ.

ಮುಚ್ಚಳದ ಕೆಲಸವಂತೂ ನೋಡತಕ್ಕದ್ದು. ಕೋಟಿನ ಕಪ್ಪು ಬಟ್ಟೆಯ ಎರಡು ಪದರ, ನಡುವೆ ದಪ್ಪ ಕ್ಯಾನ್ವಾಸು, ಒಳಗೆ ರೇಷ್ಮೆಯ ಅಸ್ತರು, ಗಾಳಿಗೆ ಹಾರದಂತೆ ಅಂಚಿನಲ್ಲಿ ಹೊಲಿದ ಸೀಸದ ತುಂಡು. ಕೋಟಿನ ಜೇಬಿಗೆ ಇರುವಂಥದೇ ಮುಚ್ಚಳ, ನಾಲ್ಕು ಪಟ್ಟು ದೊಡ್ಡದು. ಬೆಕ್ಕಿನ ತಲೆ ತಗಲುವ ಜಾಗಕ್ಕೆ ಮೆತ್ತಗಿರಲೆಂದು ಒಳಗೊಂದಿಷ್ಟು ಹತ್ತಿಯನ್ನೂ ಇಟ್ಟಿದ್ದರು. ಹೆಂಡತಿ ಅದನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಆದರೆ ಚೀಲ ಮಂಚದ ಮೇಲೇ ಇತ್ತು.

ಭಾನುವಾರ ಬೆಳಿಗ್ಗೆ ಕದವನ್ನು ಕೀಲಿನಿಂದ ಕಳಚಿದ್ದಾಯಿತು. ಅದನ್ನು ಕತ್ತರಿಸುವ ಮೇಜಿಗೆ ಹೊರುವವರು ಯಾರು? ಮಾಸ್ಟರು ಒಂದು ತುದಿ. ಇನ್ನೊಂದು ತುದಿಗೆ ಹೆಂಡತಿಯ ಮೊಣಕಾಲು ಒಪ್ಪದು. ಅಷ್ಟರಲ್ಲಿ ವಕೀಲರು ಒಳಗೆ ಬಂದರು.

"ಮಾಸ್ಟರೇ, ನನ್ನ ಕೋಟು?"

"ಮುಗಿದೇಹೋಯ್ತು ಸಾರ್, ಗುಂಡಿ ಒಂದು ಹಚ್ಚೋದಿದೆ. ತಾವು ಸ್ವಲ್ಪ ಈ ಕದ ಹಿಡೀತೀರಾ?"

ವಕೀಲರು ಹಿಡಿದರು. ಕದದ ತಲೆ ಮುಂದಾಗಿ ಹೊರಟ ಮೆರವಣಿಗೆಗೆ ಮೊದಲು ಮಿಷನ್ ಅಡ್ಡ ಬಂತು, ಆಮೇಲೆ ಗುಂಡಿ ಅಡ್ಡ ಬಂದಳು. "ಹಿಂದೆ ಹೋಗಿ, ಹಿಂದೆ ಹೋಗಿ" ಎನ್ನುತ್ತ ಇಬ್ಬರೂ ಕೋಣೆಯ ನಡುವೆ ಗಡಿಯಾರದ ಮುಳ್ಳಿನಂತೆ ಅರ್ಧ ಸುತ್ತು ಸುತ್ತಿ, ಬೆವರೊರೆಸಿಕೊಂಡು, ಅಂತೂ ಕದವನ್ನು ಮೇಜಿನ ಮೇಲೆ ಮಲಗಿಸಿದರು.

"ಯಾವುದು ತಲೆ, ಯಾವುದು ಕಾಲು ನೋಡಿಕೊಂಡ್ರಾ?" ಅಡಿಗೆಮನೆಯಿಂದ ಪ್ರಶ್ನೆ.

ಮಾಸ್ಟರು ನಕ್ಕರು. ಸೀಮೆಸುಣ್ಣ ಹಿಡಿದ ದಿನದಿಂದ ಈ ಮೇಜಿನ ಮೇಲೆ ಎಷ್ಟು ಪ್ಯಾಂಟುಗಳು ಮಲಗಿಲ್ಲ! ಪ್ಯಾಂಟಿನ ಸೊಂಟ ಎಡಗೈಗೆ, ಕಾಲು ಬಲಗೈಗೆ. ಗುರುಗಳು ಹೇಳಿಕೊಟ್ಟ ಮೊದಲ ಪಾಠ. ಇವತ್ತಿನವರೆಗೆ ಅವರ ಕತ್ತರಿ ಆ ಪಾಠ ಮರೆತಿಲ್ಲ.

"ನನಗೆ ಕಾಲೆಲ್ಲಿದೆ ಅಂತ ಹೇಳಿಕೊಡ್ತೀಯಾ?" ಎಂದವರೇ ಬಲತುದಿಯಿಂದ ಒಂದು ಗೇಣು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಗೆರೆಯ ಮೂಲೆಗಳು ಕೋಟಿನ ಜೇಬಿನಂತೆ ದುಂಡಗೆ ಬಂದವು. ಗರಗಸ ಹಿಡಿದರು. ವಕೀಲರು ಏನೋ ಹೇಳಲು ಬಾಯಿ ತೆರೆದರು.

"ಸಾರ್, ಕತ್ತರಿಸುವಾಗ ಮಾತು ಬೇಡ."

ವಕೀಲರು ಬಾಯಿ ಮುಚ್ಚಿದರು. ಕೆಲಸ ಮಾತ್ರ ಚೊಕ್ಕವಾಗಿ ಬಂತೆಂದು ಒಪ್ಪಲೇಬೇಕು. ಅಂಚಿಗೆ ಉಪ್ಪುಕಾಗದ ಉಜ್ಜಿ, ವಕೀಲರು ಬಲತುದಿಯ ಕಡೆಯಿಂದ ಹಿಡಿದುಕೊಟ್ಟ ಮುಚ್ಚಳವನ್ನು ಪುಟ್ಟ ಮೊಳೆಗಳಿಂದ ಕೂರಿಸಿ, ಇಬ್ಬರೂ ಸೇರಿ ಕದವನ್ನು ಮತ್ತೆ ಕೀಲಿಗೆ ಸೇರಿಸಿದರು. ಮಾಸ್ಟರು ಎರಡು ಹೆಜ್ಜೆ ಹಿಂದೆ ಸರಿದು ಎದೆಯುಬ್ಬಿಸಿ, ಉದ್ಘಾಟನೆಯ ಗಾಂಭೀರ್ಯದಿಂದ ಕದ ಮುಚ್ಚಿ, ಬುಡದ ಕಡೆ ನೋಡಿದರು.

ಬುಡದಲ್ಲಿ ಮರವಿತ್ತು. ಮರದ ಮುಂದೆ ಗುಂಡಿ ಇದ್ದಳು. ಗುಂಡಿ ಮೇಲೆ ನೋಡುತ್ತಿದ್ದಳು.

ಮಾಸ್ಟರೂ ಮೇಲೆ ನೋಡಿದರು. ಸರಿಯಾಗಿ ಅವರ ಮೂಗಿನ ಎದುರು ಜೇಬಿನ ಮುಚ್ಚಳ ಜೋತಾಡುತ್ತಿತ್ತು. ನೋಡುತ್ತಿದ್ದಂತೆಯೇ ಅದು ನಿಧಾನವಾಗಿ ಮೇಲೆದ್ದಿತು. ಅದರ ಕೆಳಗೆ ಹೆಂಡತಿಯ ಮುಖ ಮೂಡಿತು.

"ಯಾವ ಬೆಕ್ಕಿನ ಅಳತೆ ರೀ ಇದು?"

ವಕೀಲರು ಗಂಟಲು ಸರಿಮಾಡಿಕೊಂಡರು. "ಆಗಲೇ ನನಗೆ ಅನುಮಾನ ಬಂದಿತ್ತು. ಆದರೆ ಕೇಳದೇ ಇದ್ದಾಗ ಸಾಕ್ಷಿ ಮಾತಾಡಬಾರದು ನೋಡಿ."

ಹೆಂಡತಿ ನಗಲು ಶುರುಮಾಡಿದರು. ಆ ನಗು ಕಂಡಿಯಲ್ಲಿ ಹಿಡಿಸಲಿಲ್ಲ. ಮುಖ ಮಾಯವಾಯಿತು, ಮುಚ್ಚಳ ಬಿತ್ತು, ಒಳಗೆ ಸ್ಟೂಲು ಎಳೆದ ಸದ್ದಾಯಿತು, ನಗು ಮಾತ್ರ ನಿಲ್ಲಲಿಲ್ಲ. ವಕೀಲರು ಮುಖ ತಿರುಗಿಸಿಕೊಂಡು ಭುಜ ಕುಲುಕಿಸುತ್ತ ಮೆಟ್ಟಿಲು ಇಳಿದುಹೋದರು. ಮಾಸ್ಟರು ಒಬ್ಬರೇ ಕದದ ಮುಂದೆ ನಿಂತರು. ಅವರಿಗೆ ಮಾನ ಹೋದದ್ದಕ್ಕಿಂತ ದೊಡ್ಡ ಯೋಚನೆ ಹತ್ತಿತ್ತು: ಭಾನುವಾರ ಬಂದಾಯಿತು, ಬಾಗಿಲಿಗೆ ದಾರಿಯಾಗಲಿಲ್ಲ, ಮಂಚದ ಮೇಲೆ ಚೀಲ ಕೂತಿದೆ.

ಅವರು ಮುಚ್ಚಳ ಎತ್ತಿದರು. ಆಕೆ ಸ್ಟೂಲಿನ ಮೇಲೆ ಕುಳಿತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಈಗಲೇ ಇಳಿಸಿ ಕೆಳಗೆ ಇನ್ನೊಂದು ಕೊರೆದುಬಿಡ್ತೀನಿ ಕಣೇ. ಸಂಜೆಯೊಳಗೆ ಆಗತ್ತೆ. ಚೀಲ ಮಾತ್ರ…"

ಆಕೆ ಮೇಜು ಹಿಡಿದು ಮೆಲ್ಲನೆ ಎದ್ದರು. ಕಂಡಿಯ ಬಳಿ ಬಂದು ನಿಂತರು. ನಗು ಇಳಿದಿತ್ತು.

"ನಿಮ್ಮ ಕಿವಿಯ ಹತ್ತಿರ ಎಲ್ಲ ಬೆಳ್ಳಗಾಗಿದೆಯಲ್ರೀ. ಯಾವಾಗ ಆಯ್ತು?"

"ದಿನಾ ಊಟಕ್ಕೆ ಬಡಿಸ್ತೀಯಲ್ಲ, ನೋಡಿಲ್ವಾ?"

"ಊಟಕ್ಕೆ ಕೂತರೆ ನೀವು ತಟ್ಟೆಗೆ ಮುಖ ಕೊಟ್ಟಿರ್ತೀರಿ. ನನಗೆ ಕಾಣೋದು ನೆತ್ತಿ ಒಂದೇ." ಆಕೆ ಮುಚ್ಚಳದ ಅಸ್ತರನ್ನು ಬೆರಳಿನಿಂದ ಸವರಿದರು. "ಈ ಬಾಗಿಲು ಮುಚ್ಚಿದ ಮೇಲೆ ಆ ಕಡೆಯಿಂದ ನನ್ನನ್ನ ಕರೀತಿದ್ದೋಳು ಗುಂಡಿ ಒಬ್ಬಳೇ. ಅದಕ್ಕೇ ಕಾಲು ನೋವಿದ್ರೂ ಏಳ್ತಿದ್ದೆ."

ಮಾಸ್ಟರು ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಹಾಗಾದ್ರೆ ಕೆಳಗಿನದು?"

"ಈ ಕದಕ್ಕೆ ಇನ್ನೊಂದು ಸಲ ಗರಗಸ ಮುಟ್ಟಿಸಿ ನೋಡಿ, ನಿಜವಾಗಲೂ ಹೋಗ್ತೀನಿ. ಗುಂಡಿ ಕೂಗಿದ್ರೆ ನೀವು ಎದ್ದು ತೆಗೀತೀರಿ. ತೆಗೀತೀರಿ ತಾನೇ?"

"ಕೈಯಲ್ಲಿ ಕತ್ತರಿ ಇದ್ದರೆ?"

"ಕತ್ತರಿಗೂ ಸ್ವಲ್ಪ ಕೂರೋಕೆ ಹೇಳಿ."

ಹೀಗೆ ಚೀಲದ ಸೀರೆಗಳು ಬೀರು ಸೇರಿದವು. ಬೆಕ್ಕಿಗೆಂದು ಹುಟ್ಟಿದ ಬಾಗಿಲಿನ ಕೆಲಸಕ್ಕೆ ಮಾಸ್ಟರೇ ನೇಮಕಗೊಂಡರು. ಒಳಗಿಂದ ಹೊರಗೆ, ಹೊರಗಿಂದ ಒಳಗೆ, ಗುಂಡಿಯ ಒಂದೊಂದು ಕೂಗಿಗೂ ಈಗ ಅವರು ಗೊಣಗುತ್ತ ಏಳುತ್ತಾರೆ. ಅದನ್ನಾದರೂ ಸಹಿಸಬಹುದಿತ್ತು. ಅವರು ಎಣಿಸದೇ ಇದ್ದ ಅಪಾಯ ಬೇರೆ ಇತ್ತು. ಒಲೆ ಇರುವುದು ಕದಕ್ಕೆ ಒತ್ತಿಕೊಂಡೇ. ಒಲೆಯ ಮುಂದೆ ನಿಂತವರು ಮುಚ್ಚಳ ಎತ್ತಿದರೆ ಅಂಗಡಿ ಪೂರ್ತಿ ಕಾಣುತ್ತದೆ. ಮಧ್ಯಾಹ್ನ ಮಾಸ್ಟರು 'ಗೆರೆ ಯೋಚಿಸುತ್ತ' ಕಣ್ಣು ಮುಚ್ಚುವುದು, ಪತ್ರಿಕೆಯನ್ನು ಜಾಹೀರಾತು ಸಮೇತ ಓದುವುದು, ಹೊಲಿಯದ ಬಟ್ಟೆಯನ್ನು ಹೊಲಿದ ಬಟ್ಟೆಯ ಅಡಿಯಲ್ಲಿ ಮಲಗಿಸುವುದು, ಯಾವುದೂ ಗುಟ್ಟಾಗಿ ಉಳಿಯಲಿಲ್ಲ.

ಮಾರನೆಯ ವಾರ ವಕೀಲರು ಬಂದಾಗ ಮಾಸ್ಟರು ಎಂದಿನಂತೆ, "ಮುಗಿದೇಹೋಯ್ತು ಸಾರ್, ಇಸ್ತ್ರಿ ಒಂದೇ ಬಾಕಿ" ಎಂದರು. ವಕೀಲರು ಅವರತ್ತ ನೋಡಲೇ ಇಲ್ಲ. ನೇರ ಕದದ ಬಳಿ ಹೋಗಿ ಗೌರವದಿಂದ ಮುಚ್ಚಳದ ಮೇಲೆ ತಟ್ಟಿದರು.

"ಅಕ್ಕಾ, ನನ್ನ ಕೋಟು?"

ಮುಚ್ಚಳ ಎದ್ದಿತು. "ಇನ್ನೂ ಕತ್ತರಿನೇ ಹಾಕಿಲ್ಲ ಕಣಪ್ಪ. ಅಳತೆ ಕೂಡ ಹಳೇದೇ ಇದೆ. ನೀವು ಈಗ ಒಂದು ಸುತ್ತು ದಪ್ಪ ಆಗಿದೀರಿ."

"ಲೇ, ಗಿರಾಕಿಗಳ ಹತ್ತಿರ ಹೀಗೆಲ್ಲ…"

"ಅಳತೆ ತಗೊಳ್ರೀ ಮೊದಲು."

ವಕೀಲರು ಎರಡೂ ಕೈ ಚಾಚಿ ನಿಂತರು. ಮಾಸ್ಟರು ಮುಖ ಸಿಂಡರಿಸಿಕೊಂಡು ಅವರ ಎದೆಗೆ ಟೇಪು ಸುತ್ತಿದರು.

"ಯಾವತ್ತು ಕೊಡ್ತೀರಿ?"

"ಶುಕ್ರವಾರ ಸಾರ್," ಎಂದರು ಮಾಸ್ಟರು, ಎಷ್ಟೋ ಕಾಲದಿಂದ ಎಲ್ಲರಿಗೂ ಹೇಳಿಕೊಂಡು ಬಂದ ಧೈರ್ಯದಲ್ಲಿ.

"ಯಾವ ಶುಕ್ರವಾರ ಅಂತಲೂ ಹೇಳಿಬಿಡಿ," ಎಂದಿತು ಕಂಡಿ. ಅದರ ಹಿಂದೆಯೇ ಒಂದು ಕೈ ಕಾಫಿಯ ಲೋಟ ಹಿಡಿದು ಹೊರಗೆ ಬಂತು. ಮಾಸ್ಟರು ಟೇಪನ್ನು ವಕೀಲರ ಮೈಮೇಲೆಯೇ ಬಿಟ್ಟು ಹೋಗಿ ಲೋಟ ತೆಗೆದುಕೊಂಡು ಮಿಷನ್ನಿನ ಮೇಲಿಟ್ಟರು. ಮೇಲಿಟ್ಟು ಬಂದು, ಇನ್ನೂ ಹೊರಗಿದ್ದ ಆ ಕೈಯನ್ನು ಹಿಡಿದುಕೊಂಡರು. ಬೆರಳ ತುದಿಗಳು ಒಲೆಯ ಬಿಸಿಗೆ ಬೆಚ್ಚಗಿದ್ದವು. ಕದದ ಆಚೆ ಸೌಟಿನ ಸದ್ದು ನಿಂತಿತು.

ವಕೀಲರು ಸೂರು ನೋಡುತ್ತ ಸ್ವಲ್ಪ ಹೊತ್ತು ಕಾದರು. ಚಾಚಿದ ತೋಳುಗಳು ನಡುಗತೊಡಗಿದವು.

"ಮಾಸ್ಟರೇ, ಕೈ ಇಳಿಸ್ಲಾ?"

"ಸ್ವಲ್ಪ ಹಾಗೇ ಇರಿ ಸಾರ್," ಎಂದರು ಮಾಸ್ಟರು, ಹಿಂದೆ ತಿರುಗದೆ.

ಮುಚ್ಚಳದ ಹಿಂದಿನಿಂದ ಮೆಲುದನಿ ಬಂತು: "ಇದನ್ನ ಬಿಡೋದಕ್ಕೂ ಶುಕ್ರವಾರ ಆಗಬೇಕೇನ್ರೀ?"