ರಜೆ ಸಿಗದ ಮನುಷ್ಯ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಗುಮಾಸ್ತನಿಗೆ ಊರೂರಿನ ಬಸ್ಸಿನ ವೇಳೆ ಬಾಯಿಪಾಠ. ಬಸ್ ಹತ್ತಿ ಹೋದದ್ದು ಮಾತ್ರ ಒಂದೂರಿಗೂ ಇಲ್ಲ. ಗಾಲಿ ನಾಲ್ಕು ಸುತ್ತು ಉರುಳಿದರೆ ಸಾಕು, ತಿಂದದ್ದೆಲ್ಲ ಹೊರಗೆ. ನೆಂಟರಿಷ್ಟರೆಲ್ಲ ನಡೆದು ಹೋಗುವ ದೂರದಲ್ಲೇ ಇದ್ದುದರಿಂದ ಗುಟ್ಟು ರಟ್ಟಾಗಿರಲಿಲ್ಲ.

"ಒಂದ್ಸಲ ಸಮುದ್ರ ನೋಡೋಣ್ವಾ?" ಎಂದು ಹೆಂಡತಿ ಪ್ರತಿ ವರ್ಷ ಕೇಳುತ್ತಿದ್ದಳು. "ರಜೆ ಎಲ್ಲಿ ಕೊಡ್ತಾರೆ?" ಎಂದು ಇಪ್ಪತ್ತೆರಡು ವರ್ಷ ದೂಡಿದ್ದ. ರಜೆಯೇನೋ ಕೊಡುತ್ತಿದ್ದರು. ಆ ದಿನಗಳಲ್ಲಿ ಅವನು ಎಂದಿನಂತೆ ಬುತ್ತಿ ಹಿಡಿದು ಹೊರಟು, ಪಾರ್ಕಿನ ಬೆಂಚಿನ ಮೇಲೆ ಸಂಜೆಯವರೆಗೆ ಮಲಗಿ ಬರುತ್ತಿದ್ದ.

ಈ ಭಾನುವಾರ ಒಂದು ಉಪಾಯ ಹೊಳೆಯಿತು. ಬಹುಮಾನ ಪಡೆದ ಪ್ರವಾಸ ಛಾಯಾಚಿತ್ರಗಳ ಪ್ರದರ್ಶನ ಊರಿಗೇ ಬಂದಿತ್ತು. ಗೋಡೆಯ ಮೇಲಿದ್ದರೂ ಸಮುದ್ರ ಸಮುದ್ರವೇ ತಾನೇ? ಹೆಂಡತಿಯನ್ನು ಹೊರಡಿಸಿದ. ಕರೆಯದೆಯೂ ಬರುವ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು "ನಾನೂ ಬಂದೆ" ಎಂದು ಚಪ್ಪಲಿ ಮೆಟ್ಟಿದರು.

ಕಡಲಿನ ಚಿತ್ರದ ಮುಂದೆ ಹೆಂಡತಿ ಬಹಳ ಹೊತ್ತು ನಿಂತಳು. ಅದನ್ನು ನೋಡಲಾರದೆ ಅವನು ಮುಖ ತಿರುಗಿಸಿದರೆ ಎದುರಿಗೇ ಮೊದಲ ಬಹುಮಾನದ ಚಿತ್ರ. ಯಾರೋ ದೂರದೇಶದ ಪ್ರವಾಸಿ ತೆಗೆದದ್ದು. ನಮ್ಮೂರೂ ಯಾರಿಗೋ ಪರದೇಶವಾಗಬಹುದು ಎಂದು ಪಾಪ, ಗುಮಾಸ್ತನಿಗೆ ಹೊಳೆದೇ ಇರಲಿಲ್ಲ. ಗೋಡೆಯಗಲ ಅವನೇ ಮಲಗಿದ್ದ! ಬೆಂಚು, ತೆರೆದ ಬಾಯಿ, ಎದೆಯ ಮೇಲೆ ಬುತ್ತಿಡಬ್ಬಿ, ಡಬ್ಬಿಯ ಮೇಲೊಂದು ಪಾರಿವಾಳ. ಕೆಳಗೆ 'ನಿಶ್ಚಿಂತೆ' ಎಂದು ಹೆಸರು.

ಅವನು ಓಡಿಹೋಗಿ ಚಿತ್ರಕ್ಕೆ ಬೆನ್ನು ಕೊಟ್ಟು ನಿಂತ. "ಇಲ್ಲೇನೂ ಇಲ್ಲ, ಮನೆಗೆ ಹೋಗೋಣ."

"ಏನ್ರೀ ಇದು, ಬಾಗಿಲ ಹಾಗೆ ಅಡ್ಡ ನಿಂತ್ಕೊಂಡು?" ಎಂದು ಮೇಷ್ಟ್ರು ಭುಜ ಹಿಡಿದು ಸರಿಸಿದರು. ಚಿತ್ರ ನೋಡಿದರು, ಅವನನ್ನು ನೋಡಿದರು. "ಅರೆ, ನೀವೇ!" ಎಂದು ಕೂಗಿ ವ್ಯವಸ್ಥಾಪಕರನ್ನು ಹುಡುಕಿಕೊಂಡು ಹೋದರು.

ಹೆಂಡತಿ ಚಿತ್ರದೊಳಗಿನ ಅಂಗಿಯನ್ನೇ ನೋಡುತ್ತಿದ್ದಳು. ಕಪ್ಪು ಗುಂಡಿಗಳ ನಡುವಿನ ಆ ಒಂದು ಬಿಳಿ ಗುಂಡಿ ಅವಳೇ ಹೊಲಿದದ್ದು. "ಇದು ಆಫೀಸಿಗೆ ಹಾಕ್ಕೊಂಡು ಹೋಗೋ ಅಂಗಿ ಅಲ್ವಾ?" ಎಂದಳು ಮೆಲ್ಲಗೆ.

"ನನಗೆ ಬಸ್ಸು ಆಗಲ್ಲ ಕಣೆ. ವಾಂತಿ ಆಗುತ್ತೆ. ಹೇಳೋಕೆ ನಾಚಿಕೆ. ನಿನ್ನದೊಂದು ಆಸೆ ತೀರಿಸೋಕೆ ಆಗಲಿಲ್ಲ..."

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಳುತ್ತಿದ್ದಾಳೆ ಎಂದುಕೊಂಡರೆ, ನಗು! "ಅಯ್ಯೋ, ನನಗೂ ಅಷ್ಟೇ ಕಣ್ರೀ! ದಿನವಿಡೀ ಊರೂರ ಹೆಸರು ಹೇಳ್ತಾ ಕೂತಿರ್ತೀರಿ, ಪಾಪ ನಿಮಗೆ ಆಸೆ ಇರುತ್ತೇನೋ ಅಂತ ಕೇಳ್ತಿದ್ದೆ. ಹೇಗೂ ರಜೆ ಸಿಗಲ್ವಲ್ಲ ಅನ್ನೋ ಧೈರ್ಯ!"

ಇಪ್ಪತ್ತೆರಡು ವರ್ಷ ಮನೆಯಲ್ಲೇ ಹಾಯಾಗಿ ಮಲಗಬಹುದಿತ್ತಲ್ಲ ಎಂದು ಅವನಿಗೂ ನಗು ಬಂತು. ಅವಳ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಕೈ ಹಿಡಿದುಕೊಂಡ.

ಅಷ್ಟರಲ್ಲಿ ಮೇಷ್ಟ್ರು ವ್ಯವಸ್ಥಾಪಕರೊಂದಿಗೆ ಪ್ರತ್ಯಕ್ಷರಾದರು.

"ಆರು ತಿಂಗಳಿಂದ ನಿಮ್ಮನ್ನೇ ಹುಡುಕ್ತಿದ್ವಿ ಸಾರ್. ಚಿತ್ರದಲ್ಲಿರೋರಿಗೂ ಬಹುಮಾನ ಇದೆ. ದಂಪತಿಗಳಿಗೆ ಹದಿನೈದು ದಿನದ ಪ್ರವಾಸ. ಎಂಟು ದಿನ ಬಸ್ಸು, ಏಳು ದಿನ ಹಡಗು!"

"ಸಾರ್, ನನಗೆ ರಜೆ..." ಎಂದು ಅವನು ತೊದಲಿದ.

"ಆ ಚಿಂತೆ ಬಿಡಿ," ಎಂದರು ಮೇಷ್ಟ್ರು ಎದೆಯುಬ್ಬಿಸಿ. "ನಿಮ್ಮ ಮೇಲಧಿಕಾರಿ ನನ್ನ ಶಿಷ್ಯ. ಈಗಷ್ಟೇ ಫೋನ್ ಮಾಡಿ ಮಂಜೂರು ಮಾಡಿಸ್ದೆ."

ಸುತ್ತ ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಕಿವಿಯ ಬಳಿ ಬಾಗಿದಳು.

"ರೀ, ಆ ಬೆಂಚಲ್ಲಿ ಇಬ್ಬರಿಗೆ ಜಾಗ ಆಗುತ್ತಾ?"