ನವಿಲು ಮಾರ್ಕಿಗೆ ಹಂಪಣ್ಣನ ಸಾಕ್ಷಿ

ಎದುರಿನ ಪ್ರವೀಣಕುಮಾರ ಅಂಗಡಿಗೆ ಎಸಿ ಹಾಕಿಸಿದಂದಿನಿಂದ ಹಂಪಣ್ಣನಿಗೆ ಅನ್ನ ರುಚಿಸುತ್ತಿರಲಿಲ್ಲ. ಗಂಗಾವತಿಯಲ್ಲಿ ಫಿನಾಯಿಲ್, ಆ್ಯಸಿಡ್, ರೈಸ್‌ಮಿಲ್ಲಿನ ಬಾಯ್ಲರಿಗೆ ಹಾಕುವ ಕೆಮಿಕಲ್ಲು ಎಂದರೆ ಅವನ ಅಪ್ಪನ ಕಾಲದಿಂದಲೂ ಅವರ ಅಂಗಡಿಯ ಆನೆ ಮಾರ್ಕೇ. ಈಗ ಮೊನ್ನೆ ಮೊನ್ನೆ ಮೀಸೆ ಬಂದ ಹುಡುಗ ನವಿಲು ಮಾರ್ಕ್ ಎಂದು ಬೋರ್ಡು ಬರೆಸಿ, ಅದಕ್ಕೆ ಲೈಟು ಬೇರೆ ಹಾಕಿಸಿದ್ದ. ಮುಂಬೈಯ ದೊಡ್ಡ ಕಂಪನಿಯೊಂದು ಕೊಪ್ಪಳ ಜಿಲ್ಲೆಗೆಲ್ಲ ಒಬ್ಬನೇ ಏಜೆಂಟನನ್ನು ಹುಡುಕುತ್ತಿತ್ತು. ಇಬ್ಬರೂ ಅರ್ಜಿ ಹಾಕಿದ್ದರು. ಕಂಪನಿಯವರು ಮುಂದಿನ ವಾರ ಬರುವವರಿದ್ದರು. ಏಜೆನ್ಸಿ ತನಗೆ ಬಂದರೆ ನವಿಲಿನ ಪುಕ್ಕ ಉದುರಿತೆಂದೇ ಹಂಪಣ್ಣ ಕಾದು ಕೂತಿದ್ದ.

ಆ ಬೆಳಿಗ್ಗೆ ಪಕ್ಕದ ಸೈಕಲ್ ಶಾಪಿನ ಯಮನೂರಸಾಬ ಏದುಸಿರು ಬಿಡುತ್ತ ಬಂದ.

"ಹಂಪಣ್ಣ, ಟ್ಯಾಕ್ಸ್ ಆಫೀಸಿನವ್ರು ಬಂದಾರ! ಪ್ರವೀಣನ ಬೋರ್ಡಿನ ಫೋಟೋ ಹೊಡಕೊಂಡು ಈ ಕಡೀಗೇ ಬರಾಕತ್ಯಾರ!"

ಹಂಪಣ್ಣ ಗೋಡೆಯ ಮೇಲಿದ್ದ ಆನೆ ಮಾರ್ಕಿನ ನೋಂದಣಿ ಪತ್ರವನ್ನು ಫ್ರೇಮು ಸಮೇತ ಇಳಿಸಿ ಚೀಲಗಳ ಹಿಂದೆ ತಳ್ಳಿದ. ಬ್ಯಾಗು ಹಿಡಿದ, ಗಂಭೀರ ಮುಖದ ಒಬ್ಬರು ಒಳಗೆ ಬಂದರು.

"ನಮಸ್ಕಾರ. ನಾನು..."

"ಹೇಳೂದ ಬ್ಯಾಡ್ರಿ ಸಾಹೇಬ್ರ, ಗೊತ್ತಾತು. ಕುಂದರ್ರಿ, ಕೇಳ್ರಿ."

"ವ್ಯಾಪಾರ ಹೇಗಿದೆ?"

"ಎಲ್ಲೀ ವ್ಯಾಪಾರ್ರಿ! ಬೋಣಿ ಆಗೂದ ಕಷ್ಟ ಐತಿ."

"ಆನೆ ಮಾರ್ಕ್ ನೋಂದಣಿ ಆಗಿದೆಯೇ?"

"ಪೇಂಟರ ಕೈಲೆ ಬರಿಸಿದ್ದಷ್ಟರಿ. ಆನಿ ಬರಿಯಪಾ ಅಂದ್ರ ಎಮ್ಮಿ ಬರದಾನ."

"ಪೈಪೋಟಿ ಯಾರದು?"

ಹಂಪಣ್ಣನ ಹೊಟ್ಟೆಕಿಚ್ಚಿಗೆ ಇಂಥ ಅವಕಾಶ ಮತ್ತೆಲ್ಲಿ ಸಿಗಬೇಕು? ಪ್ರವೀಣನ ಗಳಿಕೆಯನ್ನು ದೊಡ್ಡದು ಮಾಡಿ ಹೇಳಿದಷ್ಟೂ ತೆರಿಗೆಯ ಹೊಡೆತ ದೊಡ್ಡದು.

"ರೊಕ್ಕದ ಹೊಳಿ ಅಲ್ನೋಡ್ರಿ, ಆ ಪ್ರವೀಣನ ಅಂಗಡ್ಯಾಗ ಹರದೈತ್ರಿ! ಕಾರಟಗಿ, ಶ್ರೀರಾಮನಗರದ ಮಿಲ್ಲೆಲ್ಲಾ ಅವನ ಕೈಯಾಗ ಅದಾವ. ಬರ್ರಿ, ತೋರಸ್ತೀನಿ."

ತನ್ನ ಕಾರು ತೆಗೆದರೆ ಗಳಿಕೆಯ ಗುಟ್ಟು ರಟ್ಟಾದೀತೆಂದು ಯಮನೂರಸಾಬನ ಹಳೇ ಬೈಕು ತೆಗೆದುಕೊಂಡ. ಉರಿಬಿಸಿಲಿನಲ್ಲಿ ಸಾಹೇಬರನ್ನು ಹಿಂದೆ ಕೂರಿಸಿಕೊಂಡು, ತನ್ನದೇ ಗಿರಾಕಿಗಳ ಮಿಲ್ಲುಗಳನ್ನು ಪ್ರವೀಣನವೆಂದು ತೋರಿಸುತ್ತ ಹೋದ. ಕಾರಟಗಿಯ ಮಿಲ್ಲಿನ ಅಂದಪ್ಪ, "ನಾವು ಮೊದಲಿಂದ್ಲೂ ಆನಿ..." ಎಂದು ಬಾಯಿ ತೆರೆದಾಗ ಹಂಪಣ್ಣ ಅವನ ಕಾಲು ತುಳಿದ.

"ಅಯ್ಯಪ್ಪ! ನವಿಲ್ರೀ, ನವಿಲ!" ಎಂದ ಅಂದಪ್ಪ.

ಸಾಹೇಬರು ಎಲ್ಲ ಬರೆದುಕೊಂಡು, ಕೈಕುಲುಕಿ ಹೋದರು. ಹಂಪಣ್ಣ ಮನೆಗೆ ಬಂದು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಕೈತೊಳೆಯುವಷ್ಟರಲ್ಲಿ ಪ್ರವೀಣಕುಮಾರ ಪೇಡೆಯ ಡಬ್ಬಿಯೊಂದಿಗೆ ಬಂದು ಕಾಲಿಗೆ ಬಿದ್ದ.

"ಕಾಕಾ, ಏಜೆನ್ಸಿ ನನಗ ಆತ್ರಿ! ಕಂಪನಿ ಸಾಹೇಬ್ರು ಹೇಳದ ಕೇಳದ ವಾರ ಮೊದ್ಲ ಬಂದಿದ್ರು. ಎದುರಿನ ಅಂಗಡಿಯವ್ರ ಇಷ್ಟು ಹೊಗಳಿದ ಮ್ಯಾಲ ಇನ್ನೇನು ನೋಡೂದೈತಿ ಅಂದ್ರು."

ಪ್ರವೀಣ ಕಣ್ಣೊರೆಸಿಕೊಂಡ.

"ನಿಮಗ ಬೋಣೀನೂ ಇಲ್ಲಂತ ಸಾಹೇಬ್ರು ಹೇಳೂತನಕ ಗೊತ್ತ ಇರ್ಲಿಲ್ರಿ ಕಾಕಾ. ನಾಳಿಂದ ನನ್ನ ಗೋದಾಮು ನೋಡ್ಕೊಳ್ರಿ, ಪಗಾರ ಕೊಡ್ತೀನಿ."

ಹಂಪಣ್ಣ ಸಿಡಿದು ಏಳಬೇಕೆನ್ನುವಷ್ಟರಲ್ಲಿ ಹೆಂಡತಿ ಶಿವಲೀಲಾ ಹೊರಗೆ ಬಂದಳು.

"ಪುಣ್ಯಾ ಬರ್ಲಿ ನಿನಗ! ಕೈಗೆ ಬಂಗಾರದ ಪಾಟ್ಲಿ ಮಾಡಿಸ್ರಿ ಅಂದಾಗೆಲ್ಲ ವ್ಯಾಪಾರ ಇಲ್ಲಂತ ಅಳ್ತಾರ. ಆ ಪಗಾರ ನನ್ನ ಕೈಯಾಗ ಕೊಡಪಾ."

ಒಲ್ಲೆ ಎಂದರೆ ವ್ಯಾಪಾರ ಜೋರಾಗಿದೆಯೆಂದು ಅವಳೆದುರು ಒಪ್ಪಿಕೊಳ್ಳಬೇಕು. ಹಂಪಣ್ಣ ಪೇಡೆ ನುಂಗಿದ.

"ಮುಂಜಾನಿ ಎಷ್ಟೊತ್ತಿಗೆ ಬರ್ಲೆಪಾ?"