ಗೂಢಚಾರ ತಿಂದ ಮೊಸರವಲಕ್ಕಿ

ನಾನು ಅನುಮಾನದ ಮನುಷ್ಯ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತತ್ತ್ವಶಾಸ್ತ್ರ ಓದಿ ನಾನು ಸಂಪಾದಿಸಿದ್ದು ಒಂದು ಪದವಿ, ಮತ್ತು ಯಾರು ಏನು ಹೇಳಿದರೂ ಅದಕ್ಕೆ ಆಧಾರವೇನು ಎಂದು ಕೇಳುವ ಒಂದು ಕೆಟ್ಟ ಚಾಳಿ. ಹಾಲಿನವನು ಇವತ್ತು ಹಾಲು ಗಟ್ಟಿಯಾಗಿದೆ ಎಂದರೂ ಕೇಳುತ್ತೇನೆ, ಡಾಕ್ಟರು ನಿಮಗೇನೂ ಆಗಿಲ್ಲ ಎಂದರೂ ಕೇಳುತ್ತೇನೆ. ಐವತ್ತು ದಾಟಿದ ಮೇಲೆ ಈ ಅನುಮಾನ ಊರಿನವರನ್ನು ಬಿಟ್ಟು ನನ್ನ ನೆನಪಿನ ಮೇಲೆಯೇ ತಿರುಗಿಬಿದ್ದಿದೆ. ಸ್ಕೂಟರಿನಲ್ಲಿ ವಿಜಯನಗರದವರೆಗೆ ಹೋದವನು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬಂದಿದ್ದೇನೆ. ಬಂದು ನೋಡಿದರೆ ಗ್ಯಾಸ್ ಉರಿಯುತ್ತಲೇ ಇತ್ತು; ಅದರ ಮುಂದೆ ನನ್ನ ಹೆಂಡತಿ ಸುನಂದಾ ನಿಂತು ದೋಸೆ ಹುಯ್ಯುತ್ತಿದ್ದಳು. ಅವಳು ಮನೆಯಲ್ಲಿದ್ದಾಳೆ ಎಂಬುದೇ ನನಗೆ ಮರೆತುಹೋಗಿತ್ತು ಎಂದು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಇಂಥ ನಾನು ಎಂದೂ ಅನುಮಾನಿಸದ ನೆನಪು ಒಂದಿತ್ತು. ಎಂಟನೇ ವಯಸ್ಸಿನಲ್ಲಿ ಅಪ್ಪನ ಜೊತೆ ರಾಜಾಜಿನಗರದ ಟಾಕೀಸೊಂದರಲ್ಲಿ ನೋಡಿದ ಹಿಂದಿ ಗೂಢಚಾರ ಚಿತ್ರದ ಕೊನೆ ಅದು. ಶತ್ರುದೇಶದಲ್ಲಿ ಗಡಿಯಾರ ರಿಪೇರಿಯವನ ವೇಷದಲ್ಲಿ ಏಳು ವರ್ಷ ಇದ್ದ ನಾಯಕ, ಗಡಿಯ ಹೊಳೆಯ ಹತ್ತಿರ ಬಂದಾಗ ಅವನ ಎದೆಗೆ ಗುಂಡು ಬೀಳುತ್ತದೆ. ಆದರೆ ಜೇಬಿನಲ್ಲಿ ಒಂದು ಸ್ಟೀಲ್ ಡಬ್ಬಿ ಇರುತ್ತದೆ, ಗುಂಡು ಡಬ್ಬಿಗೆ ತಾಗುತ್ತದೆ. ಅವನು ಹೊಳೆಗೆ ಹಾರಿ, ಈಜಿ, ಬೆಳಗಿನ ಹೊತ್ತಿಗೆ ಪಂಜಾಬಿನ ತನ್ನ ಹಳ್ಳಿ ಸೇರುತ್ತಾನೆ. ಬಾಗಿಲು ತೆರೆದ ಹೆಂಡತಿ ಅವನನ್ನು ಕೂರಿಸಿ ಮೊದಲು ಹೊಟ್ಟೆಗೆ ಕೊಡುತ್ತಾಳೆ. ಆ ತಟ್ಟೆಯ ಅಂಚು ಕೂಡ ನನ್ನ ಕಣ್ಣಿಗೆ ಕಟ್ಟಿದೆ.

ನಮ್ಮ ರಸ್ತೆಯಲ್ಲಿ ಹಿರಿಯರ ಸಂಘವೊಂದಿದೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸಂಘದ ಕೊಠಡಿಯಲ್ಲಿ ಹಳೆಯ ಸಿನಿಮಾ, ಆಮೇಲೆ ಉಪ್ಪಿಟ್ಟು, ಕಾಫಿ. ಅಲ್ಲಿಯ ಕಟ್ಟಳೆ ಒಂದೇ: ಕೊನೆಯಲ್ಲಿ ಯಾರೂ ಸಾಯಬಾರದು. ಶುರುವಿನಲ್ಲಿ ಎಷ್ಟು ಜನ ಸತ್ತರೂ ಅಡ್ಡಿಯಿಲ್ಲ, ಇಂಟರ್ವಲ್‌ವರೆಗೆ ವಿನಾಯಿತಿ ಉಂಟು. ಹಿಂದೊಮ್ಮೆ ಕೊನೆಯ ದೃಶ್ಯದಲ್ಲಿ ತಾಯಿ ತೀರಿಕೊಳ್ಳುವ ಸಿನಿಮಾ ಹಾಕಿದ್ದಾಗ, ಸದಸ್ಯರೊಬ್ಬರು ಹೇರೋಹಳ್ಳಿಯಲ್ಲಿದ್ದ ಮಗನಿಗೆ ಫೋನ್ ಮಾಡಿ ಮಾತೇ ಆಡದೆ ಅತ್ತಿದ್ದರು; ಅವನು ಅಲ್ಲಿಯ ಹಳ್ಳದಿಣ್ಣೆಯ ರಸ್ತೆಯಲ್ಲಿ ಬೈಕು ಹಾರಿಸಿಕೊಂಡು ಬಂದು ಸೊಂಟ ಹಿಡಿಸಿಕೊಂಡಿದ್ದ. ಅಂದಿನಿಂದ ಸಿನಿಮಾ ಸೂಚಿಸಿದವರು ಸಭೆಯಲ್ಲಿ ಎದ್ದು ನಿಂತು ಅದರ ಕೊನೆಯ ಬಗ್ಗೆ ಜಾಮೀನು ಕೊಡಬೇಕು.

ಅಧ್ಯಕ್ಷರು ವೀರಭದ್ರಪ್ಪನವರು, ದಾವಣಗೆರೆ ಕಡೆಯವರು, ನಿವೃತ್ತ ತಹಶೀಲ್ದಾರರು. ಈ ಸಲ ಆ ಗೂಢಚಾರ ಚಿತ್ರವನ್ನು ಸೂಚಿಸಿದವನು ನಾನು. ಎದ್ದು ನಿಂತು ಅದರ ಛಾಯಾಗ್ರಹಣದ ಬಗ್ಗೆ ಪೀಠಿಕೆ ಹಾಕುತ್ತಿದ್ದಾಗ ಅವರು ಕೈಯೆತ್ತಿ ತಡೆದರು.

"ಹೀರೋ ಉಳೀತಾನೇನ್ರಿ, ಇಲ್ಲೇನ್ರಿ? ಅಷ್ಟ ಹೇಳ್ರಿ."

ಉಳಿಯುತ್ತಾನೆ ಎಂದು ಜಾಮೀನು ಕೊಟ್ಟೆ. ಮನೆಗೆ ಬಂದ ಮೇಲೆ ಸುನಂದಾ, ಒಮ್ಮೆ ನೋಡಿಬಿಡಬಾರದೇ, ಮೊಬೈಲಿನಲ್ಲೇ ಸಿಗುತ್ತದಲ್ಲ ಎಂದಳು. ಕಣ್ಣಾರೆ ಕಂಡದ್ದಕ್ಕೆ ಆಧಾರ ಹುಡುಕುವುದು ಮೂರ್ಖತನ ಎಂದು ಅವಳಿಗೆ ಹತ್ತು ನಿಮಿಷ ತತ್ತ್ವಶಾಸ್ತ್ರ ಹೇಳಿದೆ. ಅವಳು ಮಧ್ಯದಲ್ಲಿ ಎದ್ದು ಬಟ್ಟೆ ಒಣಹಾಕಲು ಹೋದಳು.

ಇಷ್ಟೇ ಆಗಿದ್ದರೆ ನಾನು ಚಿಂತಿಸುತ್ತಿರಲಿಲ್ಲ. ನಾವಿರುವುದು ಸರೋಜಮ್ಮ ಎಂಬ ನಿವೃತ್ತ ಗಣಿತದ ಮೇಡಂ ಮನೆಯ ಮೇಲಿನ ಪೋರ್ಶನ್ನಿನಲ್ಲಿ. ಎಂಟು ತಿಂಗಳ ಹಿಂದೆ ಅವರ ಯಜಮಾನರು ಹೋದರು. ಅಂದಿನಿಂದ ಅವರು ಗೇಟು ದಾಟಿಲ್ಲ. ತರಕಾರಿ ಗೇಟಿಗೆ ಬರುತ್ತದೆ, ಮಾತ್ರೆ ಗೇಟಿಗೆ ಬರುತ್ತದೆ, ಬ್ಯಾಂಕಿನ ಕೆಲಸ ನಾನು ಮಾಡುತ್ತೇನೆ. ಸುನಂದಾ ಎಷ್ಟು ಕರೆದರೂ ಮಂಡಿನೋವು ಎನ್ನುತ್ತಿದ್ದರು. ಈ ಸಲ ಅವಳು, ನಗುನಗುತ್ತಾ ಮುಗಿಯುವ ಸಿನಿಮಾ ಬನ್ನಿ ಎಂದು ಪಟ್ಟು ಹಿಡಿದಾಗ, ನನ್ನ ಕಡೆ ತಿರುಗಿ ನೀವು ನೋಡಿದ್ದೀರಾ ಎಂದು ಕೇಳಿದರು. ನಾನು ಎದೆ ಮುಟ್ಟಿಕೊಂಡು ಹೌದೆಂದೆ. ಅವರು ಹೊರಟದ್ದು ಆ ಒಂದು ಮಾತಿನ ಮೇಲೆ. ಗೇಟಿನ ಹತ್ತಿರ ಒಂದು ಕ್ಷಣ ನಿಂತು, ಸೆರಗು ಸರಿಮಾಡಿಕೊಂಡು, ನೀರಿಗೆ ಇಳಿಯುವವರ ಹಾಗೆ ಕಾಲು ಹೊರಗಿಟ್ಟರು. ಈ ಮಾತು ತಪ್ಪಿದರೆ ಆ ಕಾಲು ಮತ್ತೆ ಎಂದೂ ಹೊರಗೆ ಬರುವುದಿಲ್ಲ ಎಂದು ಸುನಂದಾ ನನ್ನ ಕಿವಿಯಲ್ಲಿ ಹೇಳಿದಳು. ನಾನು ನಕ್ಕೆ.

ಸಿನಿಮಾ ಚೆನ್ನಾಗಿಯೇ ಸಾಗಿತು. ಗಡಿಯಾರದ ಅಂಗಡಿ ಬಂತು, ಹಾಡು ಬಂತು, ಬೆನ್ನಟ್ಟುವ ಜೀಪು ಬಂತು. ಎಲ್ಲವೂ ನನ್ನ ನೆನಪಿನಂತೆಯೇ ಇತ್ತು. ಹೊಳೆಯ ದಡದಲ್ಲಿ ಗುಂಡು ಹಾರಿತು. ಸರೋಜಮ್ಮ ಕುರ್ಚಿಯ ಕೈ ಹಿಡಿದರು. ನಾನು ಮೆಲ್ಲಗೆ, "ಈಗ ಏಳ್ತಾನೆ, ನೋಡ್ತಿರಿ," ಎಂದೆ. ಅವನು ಏಳಲಿಲ್ಲ. ಡಬ್ಬಿಯನ್ನು ಹೊರಗೆ ತೆಗೆಯಲು ಸಮಯ ಬೇಕಲ್ಲ ಎಂದು ಕಾದೆ. ಮಳೆ ಶುರುವಾಯಿತು. ದೂರದ ಹಳ್ಳಿಯಲ್ಲಿ ಹೆಂಡತಿ, ಏನೂ ತಿಳಿಯದೆ, ಗೋಡೆಯ ಗಡಿಯಾರಕ್ಕೆ ಕೀಲಿ ಕೊಟ್ಟಳು. ಪರದೆಯ ಮೇಲೆ ಹೆಸರುಗಳು ಏರತೊಡಗಿದವು. ಆ ಮನುಷ್ಯ ಎದ್ದು ಬರಲೆಂದು ಲೈಟ್‌ಬಾಯ್‌ಗಳ ಹೆಸರು ಮುಗಿಯುವವರೆಗೂ ನಾನು ಅವಕಾಶ ಕೊಟ್ಟೆ.

ದೀಪ ಹಾಕಿದರು. ಯಾರೂ ಉಪ್ಪಿಟ್ಟಿನ ಕಡೆ ನೋಡಲಿಲ್ಲ. ಸರೋಜಮ್ಮ ಎದ್ದು ಸರಸರ ಹೊರಗೆ ಹೋದರು. ವೀರಭದ್ರಪ್ಪನವರು ನನ್ನ ಎದುರು ಬಂದು ನಿಂತರು.

"ನೀವ್ ಓದಿದ್ದು ಯಾವ ಯೂನಿವರ್ಸಿಟಿ ಅಂದ್ರಿ?"

ಆಮೇಲೆ ನಾನು, ನನಗೆ ನೆನಪಿರುವಂತೆ, ನಾಲ್ಕಾರು ಕುರ್ಚಿ ಮಡಿಸಿಟ್ಟು ಗಂಭೀರವಾಗಿ ಹಿಂಬಾಗಿಲಿನಿಂದ ಹೊರಬಂದೆ.

ಮನೆಗೆ ಬಂದವನೇ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಮಹಾಲಕ್ಷ್ಮಿ ಲೇಔಟಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಎಂಬತ್ತರ ಹತ್ತಿರವಾದರೂ ನೆನಪು ನನಗಿಂತ ಗಟ್ಟಿ. ಯಾರೋ ಸಿನಿಮಾದ ಕೊನೆಯನ್ನು ಬದಲಾಯಿಸಿದ್ದಾರೆ ಎಂದು ದೂರಿದೆ. ಅಮ್ಮ ಯಾವ ಸಿನಿಮಾ ಎಂದು ಕೇಳಿ, ತಿಳಿದ ಮೇಲೆ ನಗಲು ಶುರುಮಾಡಿದಳು.

"ಅವನು ಆಗಲೇ ಸತ್ತಿದ್ದ ಕಣೋ. ನೀನು ನೋಡಿ ಬಂದು ಎರಡು ದಿನ ಅನ್ನ ಮುಟ್ಟಲಿಲ್ಲ. ಮನೇಲಿ ಯಾರು ಹೋದ್ರು ಅಂತ ಸ್ಕೂಲಿಂದ ಮೇಷ್ಟ್ರು ಕೇಳಿ ಕಳಿಸಿದ್ರು. ಆಮೇಲೆ ನಿಮ್ಮಪ್ಪ ಊಟಕ್ಕೆ ಕೂರಿಸ್ಕೊಂಡು, ಒಂದೊಂದು ತುತ್ತಿಗೆ ಒಂದೊಂದು ಮಾರು ಅಂತ ಅವನನ್ನ ಹೊಳೆ ದಾಟಿಸಿದ್ರು. ಡಬ್ಬಿ ಗಿಬ್ಬಿ ಎಲ್ಲ ಅವರದ್ದೇ. ಮನೆಗೆ ಬಂದು ಏನು ತಿಂದ ಅಂತ ನೀನು ಜೀವ ತಿಂದೆ. ಅವತ್ತು ಮನೇಲಿ ಮೊಸರವಲಕ್ಕಿ ಇತ್ತು."

ಫೋನ್ ಇಟ್ಟೆ. ಹೌದು, ಆ ತಟ್ಟೆಯಲ್ಲಿದ್ದದ್ದು ಮೊಸರವಲಕ್ಕಿಯೇ. ಇಂಗಿನ ಒಗ್ಗರಣೆ ಹಾಕಿದ್ದು, ಮೇಲೆ ಎರಡು ಎಸಳು ಕರಿಬೇವು. ಪಂಜಾಬಿನ ರೈತರ ಮನೆಯ ಹೆಣ್ಣುಮಗಳು ಏಳು ವರ್ಷದ ನಂತರ ಬಂದ ಗಂಡನಿಗೆ ಒಗ್ಗರಣೆ ಹಾಕಿದ ಮೊಸರವಲಕ್ಕಿ ಕೊಟ್ಟಳು ಎಂಬುದನ್ನು, ಜಗತ್ತಿನ ಇರವನ್ನೇ ಪ್ರಶ್ನಿಸಿ ಪರೀಕ್ಷೆ ಬರೆದು ಪಾಸಾದ ನಾನು, ನಲವತ್ತಕ್ಕೂ ಹೆಚ್ಚು ವರ್ಷ ಒಮ್ಮೆಯೂ ಪ್ರಶ್ನಿಸಿರಲಿಲ್ಲ. ಅಪ್ಪ ಈಗಿಲ್ಲ. ಇದ್ದಿದ್ದರೆ ಜಗಳವಾಡುತ್ತಿದ್ದೆ ಎಂದುಕೊಂಡೆ. ಬಹುಶಃ ಆಡುತ್ತಿರಲಿಲ್ಲ.

ಸಂಜೆ ಆರರ ಹೊತ್ತಿಗೆ ಕ್ಷಮೆ ಕೇಳಲು ಕೆಳಗಿಳಿದೆ. ಮೆಟ್ಟಿಲು ಇಳಿಯುತ್ತಾ ಮೂರು ವಾಕ್ಯ ಸಿದ್ಧಮಾಡಿಕೊಂಡಿದ್ದೆ. ಸರೋಜಮ್ಮ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಒಂದು ನೀರಿನ ಬಾಟಲಿ. ಸುನಂದಾ ಆಗಲೇ ಅಲ್ಲಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

"ಈಗ ಹೇಗಿದೀರಿ? ನೀರು ತರೋಷ್ಟರಲ್ಲಿ ಎಲ್ಲಿ ಹೊರಟುಹೋದ್ರಿ?"

"ಯಾರಿಗೆ ನೀರು?"

"ನಿಮಗೇ. ಬಿಕ್ಕಿಬಿಕ್ಕಿ ಅಳ್ತಾ ಇದ್ರಲ್ಲ."

ನಾನು ಅತ್ತಿಲ್ಲ, ಕುರ್ಚಿ ಮಡಿಸುತ್ತಿದ್ದೆ ಎಂದೆ. ಸುನಂದಾ ತನ್ನ ಒದ್ದೆ ಕರ್ಚೀಫನ್ನು ಮೇಜಿನ ಮೇಲಿಟ್ಟಳು. ಕುರ್ಚಿ ಮಡಿಸಿದವರು ಬೇರೆಯವರಂತೆ; ನಾನು ಕೂತಿದ್ದ ಕುರ್ಚಿಯೊಂದನ್ನು ಮಾತ್ರ ಮಡಿಸಲಾಗಲಿಲ್ಲವಂತೆ.

ಸಂಗತಿ ನಿಧಾನವಾಗಿ ಹೊರಬಂತು. ಸಂಘದ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಸರೋಜಮ್ಮ ನಾಲ್ಕನೇ ಕ್ರಾಸಿನ ಬೇಕರಿಯವರೆಗೆ ನಡೆದುಕೊಂಡು ಹೋಗಿ ಬಾಟಲಿ ತಂದಿದ್ದರು. ದಾರಿಯಲ್ಲಿದ್ದ ಟೈಲರ್ ಅಂಗಡಿ ಎತ್ತಿಬಿಟ್ಟಿದ್ದಾರಲ್ಲ, ನನಗೆ ಒಬ್ಬರೂ ಹೇಳಲಿಲ್ಲವಲ್ಲ ಎಂದು ನಮ್ಮಿಬ್ಬರನ್ನೂ ತರಾಟೆಗೆ ತೆಗೆದುಕೊಂಡರು. ನಾನು ಅಪ್ಪನ ಕಥೆ ಹೇಳಿದೆ. ಅವರು ಲೆಕ್ಕ ಒಪ್ಪಿಸುವ ವಿದ್ಯಾರ್ಥಿಯ ಮಾತು ಕೇಳುವಂತೆ ಕೇಳಿ, ಅಷ್ಟು ಹತ್ತಿರದಿಂದ ಬಂದ ಗುಂಡನ್ನು ಸ್ಟೀಲ್ ಡಬ್ಬಿ ತಡೆಯುವುದಿಲ್ಲ ಎಂದು ತೀರ್ಪು ಕೊಟ್ಟರು. ಮೊಸರವಲಕ್ಕಿ ಸರಿ, ರಾತ್ರಿಯೆಲ್ಲ ಈಜಿದವರಿಗೆ ಅದು ಒಳ್ಳೆಯದು ಎಂದರು. ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದರು.

"ಎಂಟು ತಿಂಗಳಿಂದ ಎಲ್ಲರೂ ನನಗೇ ನೀರು ತಂದುಕೊಟ್ಟಿದ್ದು," ಎಂದರು. "ಇವತ್ತು ನಾನು ಹೋದೆ. ತಗೊಳ್ಳಿ, ಕುಡೀರಿ."

ಕುಡಿದೆ. ನನ್ನ ಮೂರು ವಾಕ್ಯಗಳು ಮರೆತುಹೋಗಿದ್ದವು.

ಮುಂದಿನ ತಿಂಗಳು ಸಿನಿಮಾ ಸೂಚಿಸಿದ್ದು ಸರೋಜಮ್ಮ. ಒಂದು ಹಾಸ್ಯಚಿತ್ರ. ಎರಡು ಸಲ ಪೂರ್ತಿ ನೋಡಿ, ಸಂಘಕ್ಕೆ ಹೋಗಿ ಎದ್ದು ನಿಂತು ಜಾಮೀನು ಕೊಟ್ಟರು. ಕೊನೆಯಲ್ಲಿ ಎಲ್ಲರೂ ಕ್ಷೇಮ, ಆದರೆ ಇಂಟರ್ವಲ್ ಆದ ಮೇಲೆ ನಾಯಕಿಯ ಗಿಳಿಗೆ ಹುಷಾರಿರುವುದಿಲ್ಲ, ಹತ್ತು ನಿಮಿಷದಲ್ಲಿ ಚೇತರಿಸಿಕೊಳ್ಳುತ್ತದೆ, ನಮ್ಮ ಮೇಲಿನ ಮನೆಯವರಿಗೆ ಮೊದಲೇ ತಿಳಿಸಿಬಿಡಿ ಎಂದರಂತೆ. ವೀರಭದ್ರಪ್ಪನವರು ಭಾನುವಾರ ಅದನ್ನು ಮೈಕಿನಲ್ಲಿ ಪ್ರಕಟಿಸಿದರು. ನನಗೆ ಅವಮಾನವಾಯಿತು. ಯಾರ ಕಣ್ಣಿಗೂ ಬೀಳದಂತೆ ಕೊನೆಯ ಸಾಲಿನಲ್ಲಿ ಹೋಗಿ ಕೂತೆ. ಗಿಳಿಯ ಕಣ್ಣು ಮೆಲ್ಲಗೆ ಮುಚ್ಚಿದಾಗ ನೋಡುತ್ತೇನೆ, ಇಡೀ ಕೊಠಡಿಯಲ್ಲಿ ಪರದೆಯ ಕಡೆ ಮುಖ ಮಾಡಿದವರು ಒಬ್ಬರೂ ಇಲ್ಲ. ಮೂವತ್ತು ತಲೆಗಳೂ ಹಿಂದಕ್ಕೆ ತಿರುಗಿ ನನ್ನನ್ನೇ ನೋಡುತ್ತಿವೆ.

ನಾನು ಅಳಲಿಲ್ಲ. ಹಾಗೆಂದು ನನಗೆ ನೆನಪು.